ಕಿಟಕಿ ದೇಶದ ಕೆಂಪು ಕಾರ್ಡು

ಮಿಸ್ ಮೇಜಿನ ಮೇಲಿದ್ದ ಚಾಕ್‌ಪೀಸ್ ಡಬ್ಬಿಯೊಳಗೆ ಕೈ ಹಾಕಿ ಮೊದಲನೆಯ ಕಾರ್ಡನ್ನು ಹೊರಗೆ ತೆಗೆದರು. ಅದು ಹಸಿರು. ಬಾಗಿಲು ದೇಶದ್ದು.

ಎರಡನೆಯದನ್ನು ತೆಗೆದರು. ಅದು ಕೆಂಪು.

ಕಿಟಕಿ ಕಡೆಯ ಬೆಂಚಿನವರೆಲ್ಲ ಒಟ್ಟಿಗೇ ಕಿರುಚಿದರು. ಎಲ್ಲರಿಗಿಂತ ಜೋರಾಗಿ ಕಿರುಚಿದವನು ಮೈಕು. ಅವನಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ.

“ಸಕ್ಕತ್, ಚೋಟಿ! ಕೊನೆಗೂ ಹಾಕೇಬಿಟ್ಯಲ್ಲ! ಐದು ಗೋಲಿ ನಮ್ದು!”

ಚೋಟಿ ಎದ್ದು ನಿಂತಳು. ಕ್ಲಾಸಿನಲ್ಲಿ ಎಲ್ಲರಿಗಿಂತ ಕುಳ್ಳಿ ಅವಳು. ಎದ್ದು ನಿಂತರೂ ಕೂತ ಹಾಗೇ ಕಾಣುತ್ತಾಳೆ ಎಂದು ಎಲ್ಲರೂ ರೇಗಿಸುತ್ತಾರೆ. ಈಗ ಮಾತ್ರ ಇಡೀ ಕ್ಲಾಸಿಗೆ ಅವಳೊಬ್ಬಳೇ ಕಾಣುತ್ತಿದ್ದಳು.

“ಮಿಸ್, ಅದು ನಂದಲ್ಲ. ನಾನು ಹಸಿರು ಹಾಕಿದ್ದು.”

ಮಿಸ್ ಕಾರ್ಡನ್ನು ತಿರುಗಿಸಿ ತೋರಿಸಿದರು. ಹಿಂದುಗಡೆ ಪೆನ್ಸಿಲಿನಲ್ಲಿ ಬರೆದ ಪುಟ್ಟ ಕಿಟಕಿ ಇತ್ತು. “ನಿಮ್ಮ ದೇಶದ್ದೇ ಅಲ್ವೇನಮ್ಮ?”

ಚೋಟಿ ಬೆಂಚುಗಳ ನಡುವಿನ ದಾರಿಯ ಆಚೆ ಬದಿಯ ಮೊದಲನೆಯ ಬೆಂಚಿನ ಕಡೆ ನೋಡಿದಳು. ಅಲ್ಲಿ ಜಡೆ ಕೂತಿದ್ದಳು. ಜಡೆ ಇವಳ ಕಡೆ ತಿರುಗಲೇ ಇಲ್ಲ. ಬೆನ್ನಿನ ಮೇಲಿದ್ದ ಉದ್ದ ಜಡೆಯನ್ನು ಮುಂದಕ್ಕೆ ಎಳೆದುಕೊಂಡು ಅದರ ತುದಿಯ ರಬ್ಬರ್ ಬ್ಯಾಂಡನ್ನು ಬಿಚ್ಚುವುದು, ಹಾಕುವುದು, ಮತ್ತೆ ಬಿಚ್ಚುವುದು ಮಾಡುತ್ತಿದ್ದಳು. ಅಳು ಬಂದಾಗ ಅವಳು ಹಾಗೆ ಮಾಡುತ್ತಾಳೆ ಎಂದು ಚೋಟಿಗೆ ಮಾತ್ರ ಗೊತ್ತು. ಒಂದನೇ ಕ್ಲಾಸಿನಿಂದಲೂ ಇಬ್ಬರೂ ಜೀವದ ಗೆಳತಿಯರು.

ಆಟ ಹೀಗಿತ್ತು. ದೇಶ ದೇಶಗಳು ಯಾಕೆ ಯುದ್ಧ ಮಾಡುತ್ತವೆ ಎಂಬ ಪ್ರಶ್ನೆ ಪಾಠದಲ್ಲಿ ಬಂದಾಗ ಮಿಸ್ ಉತ್ತರ ಬರೆಸಲಿಲ್ಲ. ಬೆಂಚುಗಳ ನಡುವಿನ ದಾರಿಯನ್ನೇ ಗಡಿ ಮಾಡಿ ಕ್ಲಾಸನ್ನು ಎರಡು ಭಾಗ ಮಾಡಿದರು. ಒಂದು ಕಿಟಕಿ ದೇಶ, ಇನ್ನೊಂದು ಬಾಗಿಲು ದೇಶ. ಕಿಟಕಿ ದೇಶಕ್ಕೆ ಚೋಟಿ ಲೀಡರ್, ಬಾಗಿಲು ದೇಶಕ್ಕೆ ಜಡೆ. ಇಬ್ಬರಿಗೂ ಎರಡೆರಡು ಕಾರ್ಡು. ಹಸಿರು ಎಂದರೆ ‘ನಾವು ಹೊಡೆಯುವುದಿಲ್ಲ’. ಕೆಂಪು ಎಂದರೆ ‘ಹೊಡೆಯುತ್ತೇವೆ’. ದಿನಾ ಕೊನೆಯ ಪೀರಿಯಡ್‌ನಲ್ಲಿ ಇಬ್ಬರೂ ಒಂದೊಂದು ಕಾರ್ಡನ್ನು ಯಾರಿಗೂ ಕಾಣದ ಹಾಗೆ ಡಬ್ಬಿಗೆ ಹಾಕಬೇಕು. ತೆಗೆದು ತೋರಿಸಿದ ಮೇಲೆ ಮಿಸ್ ಕಾರ್ಡುಗಳನ್ನು ಅವರವರಿಗೇ ವಾಪಸ್ ಕೊಡುತ್ತಿದ್ದರು.

ಎರಡೂ ಹಸಿರಾದರೆ ಎರಡೂ ದೇಶಕ್ಕೆ ಮೂರು ಮೂರು ಗೋಲಿ. ಎರಡೂ ಕೆಂಪಾದರೆ ಒಂದೊಂದೇ ಗೋಲಿ. ಒಂದು ಕೆಂಪು, ಇನ್ನೊಂದು ಹಸಿರಾದರೆ ಕೆಂಪಿನವರಿಗೆ ಐದು ಗೋಲಿ, ಹಸಿರಿನವರಿಗೆ ಸೊನ್ನೆ. ಎಷ್ಟು ಗೋಲಿ ಕೂಡಿತೋ ಶನಿವಾರ ಮೈದಾನದಲ್ಲಿ ಅಷ್ಟು ನಿಮಿಷ ಆಟ. ಗೋಲಿ ಮುಗಿದ ದೇಶದವರು ಒಳಗೆ ಬಂದು ಕಾಪಿ ಬರೆಯಬೇಕು.

“ಇಷ್ಟೇನಾ ಮಿಸ್?” ಎಂದು ಮೈಕು ಮೊದಲ ದಿನವೇ ಕೇಳಿದ್ದ.

“ಇಷ್ಟೇ. ದೊಡ್ಡ ದೊಡ್ಡ ದೇಶದಲ್ಲಿ ದೊಡ್ಡ ದೊಡ್ಡ ತಲೆಗಳು ಕೂತು ಹಾಕೋ ಲೆಕ್ಕಾನೂ ಇದೇ ಥರದ್ದು. ಅವರ ಹತ್ರ ಗೋಲಿ ಇರಲ್ಲ, ಅಷ್ಟೇ.”

ಅವತ್ತಿನಿಂದ ನಿನ್ನೆಯವರೆಗೆ ಡಬ್ಬಿಯಿಂದ ಬಂದದ್ದೆಲ್ಲ ಹಸಿರೇ. ಶನಿವಾರಗಳಂದು ಎರಡೂ ದೇಶದವರು ಒಟ್ಟಿಗೇ ಓಡಿ ಹೋಗಿ ಬೆವರು ಸುರಿಸಿಕೊಂಡು ಒಟ್ಟಿಗೇ ವಾಪಸ್ ಬರುತ್ತಿದ್ದರು. ಮಿಸ್ ಏನನ್ನೋ ಕಾಯುತ್ತಿರುವವರಂತೆ ಸುಮ್ಮನೆ ನೋಡುತ್ತಿದ್ದರು.

“ಮಿಸ್, ತಪ್ಪಾಗಿ ಬಿದ್ದಿರ್ಬೇಕು. ವಾಪಸ್ ತಗೊಳ್ಲಾ?” ಎಂದಳು ಚೋಟಿ.

“ಹಾಕಿದ ಕಾರ್ಡು ಹಾಕಿದ್ದೇ,” ಎಂದರು ಮಿಸ್. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. “ನೀನು ಯಾಕೆ ಹಾಕಿದೆ ಅಂತ ಡಬ್ಬಿಗೆ ಗೊತ್ತಾಗಲ್ಲಮ್ಮ. ಡಬ್ಬಿಗೆ ಗೊತ್ತಾಗೋದು ಬಣ್ಣ ಮಾತ್ರ.”

ಗಂಟೆ ಹೊಡೆಯಿತು. ಚೋಟಿ ನೇರ ಬಾತ್‌ರೂಮಿಗೆ ಓಡಿ ಚಿಲಕ ಹಾಕಿಕೊಂಡಳು. ಎಡಗಡೆ ಜೇಬಿಗೆ ಹಸಿರು, ಬಲಗಡೆ ಜೇಬಿಗೆ ಕೆಂಪು. ಮೊದಲ ದಿನದಿಂದಲೂ ಅದೇ ಅವಳ ಪದ್ಧತಿ. ಕಾರ್ಡನ್ನು ಹೊರಗೆ ತೆಗೆದು ನೋಡಿದರೆ ಅಕ್ಕಪಕ್ಕದವರು ಇಣುಕುತ್ತಾರೆ. ಅದಕ್ಕೇ ಎಡಗೈಯನ್ನು ಜೇಬಿಗೆ ಹಾಕುವುದು, ಕಾರ್ಡನ್ನು ಅಂಗೈಯಲ್ಲಿ ಮುಚ್ಚಿಕೊಂಡು ಡಬ್ಬಿಗೆ ಬಿಡುವುದು. ಇವತ್ತೂ ಹಾಗೇ ಮಾಡಿದ್ದಳು.

ಅವಳು ಬಲಗಡೆ ಜೇಬಿಗೆ ಕೈ ಹಾಕಿದಳು. ಸಿಕ್ಕಿದ್ದು ಹಸಿರು.

ಒಂದು ಗಳಿಗೆ ಅವಳಿಗೆ ಏನೂ ಅರ್ಥವಾಗಲಿಲ್ಲ. ಆಮೇಲೆ ಸ್ಕರ್ಟಿನ ಸೊಂಟದ ಪಟ್ಟಿಯನ್ನು ಮಡಚಿ ಒಳಗೆ ನೋಡಿದಳು. ಅಮ್ಮ ಮನೆಯಲ್ಲೇ ಸ್ಕೂಲ್ ಯೂನಿಫಾರಂ ಹೊಲಿಯುತ್ತಾರೆ. ಮಕ್ಕಳು ಬೆಳೆಯುತ್ತಾರೆ ಎಂದು ಸೊಂಟಕ್ಕೆ ಪೂರ್ತಿ ಎಲಾಸ್ಟಿಕ್ ಕೊಡುತ್ತಾರೆ. ಹಿಂದೆ ಯಾವುದು ಮುಂದೆ ಯಾವುದು ಎಂದು ಗೊತ್ತಾಗಲಿ ಎಂದು ಹಿಂಬದಿಯ ಒಳಗಡೆ ಬಿಳಿ ದಾರದಲ್ಲಿ ಒಂದು ಗಂಟು ಹಾಕಿರುತ್ತಾರೆ. ಆ ಬಿಳಿ ಗಂಟು ಈಗ ಚೋಟಿಯ ಹೊಟ್ಟೆಯ ಮೇಲಿತ್ತು.

ಸ್ಕರ್ಟು ಹಿಂದುಮುಂದಾಗಿತ್ತು. ನಿನ್ನೆ ಎಡಗಡೆ ಇದ್ದ ಜೇಬು ಇವತ್ತು ಬಲಗಡೆಗೆ ಬಂದಿತ್ತು. ಕಾರ್ಡುಗಳು ರಾತ್ರಿಯೆಲ್ಲ ಜೇಬಿನಲ್ಲೇ ಇದ್ದವು.

ಯಾಕೆ ಹೀಗಾಯಿತು ಎಂದು ಅವಳು ಯೋಚಿಸಬೇಕಾಗಿರಲಿಲ್ಲ. ಬೆಳಿಗ್ಗೆ ಅವಳು ಬಟ್ಟೆ ಹಾಕಿಕೊಳ್ಳುವಾಗ ಟಿವಿಯಲ್ಲಿ ಸುದ್ದಿ ಬಂತು. ಗಡಿಯ ಆಚೆಯಿಂದ ಫಿರಂಗಿಯ ಶೆಲ್ ಬಂದು ನಮ್ಮ ಒಂದು ಠಾಣೆಯ ಮೇಲೆ ಬಿದ್ದಿದೆ, ಒಬ್ಬ ಸೈನಿಕ ತೀರಿಹೋಗಿದ್ದಾನೆ, ಹೆಸರು ಇನ್ನೂ ತಿಳಿದಿಲ್ಲ ಎಂದರು. ಸೈನ್ಯದಲ್ಲಿರುವ ಚೋಟಿಯ ಅಣ್ಣ ಇರುವುದು ಆ ಗಡಿಯಲ್ಲೇ. ಅಮ್ಮನ ಹೊಲಿಗೆ ಮಿಶಿನ್ ಅರ್ಧ ಹೊಲಿಗೆಯಲ್ಲೇ ನಿಂತಿತು. ಅಪ್ಪ ಅಣ್ಣನಿಗೆ ಫೋನ್ ಮಾಡಿದರು, ಮತ್ತೆ ಮಾಡಿದರು, ಲೈನ್ ಸಿಗಲಿಲ್ಲ. “ನೀನು ಸ್ಕೂಲಿಗೆ ಹೋಗು. ಇಲ್ಲಿ ಕೂತು ಏನು ಮಾಡ್ತೀಯ,” ಎಂದರು ಅಮ್ಮ. ಕೈಗೆ ಸಿಕ್ಕ ಸ್ಕರ್ಟನ್ನು ಹಾಗೇ ಏರಿಸಿಕೊಂಡು ಚೋಟಿ ಬಂದಿದ್ದಳು.

ಇದನ್ನೆಲ್ಲ ಹೇಳಿದರೆ ಜಡೆ ನಂಬಿಯೇ ನಂಬುತ್ತಾಳೆ ಎಂದುಕೊಂಡು ಅವಳು ಗೇಟಿನ ಹತ್ತಿರ ಓಡಿದಳು. ಅಲ್ಲಿ ಬಾಗಿಲು ದೇಶದವರೆಲ್ಲ ಜಡೆಯ ಸುತ್ತ ನಿಂತಿದ್ದರು.

“ಜಡೆ, ನಾನು ಬೇಕಂತ ಹಾಕಿದ್ದಲ್ಲ ಕಣೇ. ಸ್ಕರ್ಟು ಹಿಂದುಮುಂದಾಗಿತ್ತು. ಜೇಬು ಅದಲುಬದಲಾಗಿ...”

ಮಾತು ಮುಗಿಯುವಷ್ಟರಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದರು. “ಸ್ಕರ್ಟಂತೆ! ಸ್ಕರ್ಟ್ ಯುದ್ಧ ಮಾಡ್ತಂತೆ!”

ಜಡೆ ಮಾತ್ರ ನಗಲಿಲ್ಲ. “ಬೇರೆ ಏನೂ ಸಿಗ್ಲಿಲ್ವಾ ಹೇಳೋಕೆ?” ಎಂದಳು. “ನಮ್ಮವರೆಲ್ಲ ದಿನಾ ಕೆಂಪು ಹಾಕು, ಕೆಂಪು ಹಾಕು ಅಂತ ನನ್ನ ಪ್ರಾಣ ತಿಂತಿದ್ರು. ಚೋಟಿ ಹಾಗೆ ಮಾಡೋಳಲ್ಲ ಅಂತ ನಾನೇ ನಿನ್ನ ಪರ ಜಗಳ ಆಡ್ತಿದ್ದೆ. ಇವತ್ತು ಬೆಳಿಗ್ಗೇನೂ ಆಡಿದ್ದೆ.”

ಅವಳು ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟಳು. ಅಣ್ಣನ ವಿಷಯವನ್ನು ಚೋಟಿ ಹೇಳಲೇ ಇಲ್ಲ. ಅದನ್ನೂ ಹೇಳಿ ಅದಕ್ಕೂ ನಕ್ಕುಬಿಟ್ಟರೆ ತಡೆದುಕೊಳ್ಳುವುದು ಅವಳಿಂದ ಆಗುತ್ತಿರಲಿಲ್ಲ.

ಅಪ್ಪನ ಸಲೂನು ಸ್ಕೂಲಿನಿಂದ ಮನೆಗೆ ಹೋಗುವ ದಾರಿಯಲ್ಲೇ ಇದೆ. ಎರಡು ಕುರ್ಚಿ, ಗೋಡೆಯುದ್ದಕ್ಕೂ ಕನ್ನಡಿ, ಮೂಲೆಯಲ್ಲಿ ಟಿವಿ. ಅಪ್ಪ ಇವತ್ತೂ ಅಂಗಡಿ ತೆರೆದಿದ್ದರು. ತೆರೆಯದಿದ್ದರೆ ಬೀದಿಯವರೆಲ್ಲ ಮನೆಗೇ ಬಂದು ಅಮ್ಮನ ಮುಂದೆ ಕೂರುತ್ತಾರೆ ಎಂದು ಅವರಿಗೆ ಗೊತ್ತಿತ್ತು.

ಕುರ್ಚಿಯಲ್ಲಿ ಮೆಡಿಕಲ್ ಶಾಪಿನವರು ಕೂತಿದ್ದರು. ಗಡ್ಡವನ್ನು ಸವರಿಕೊಳ್ಳುತ್ತ, “ಶೇವಿಂಗೂ ಮಾಡಿಬಿಡಪ್ಪ,” ಎಂದರು.

“ಇವತ್ತು ಬೇಡ ಸಾರ್,” ಎಂದರು ಅಪ್ಪ. “ಬರೀ ಕಟಿಂಗ್.”

ಕತ್ತರಿ ಹಿಡಿದ ಅಪ್ಪನ ಕೈಯನ್ನು ಚೋಟಿ ನೋಡಿದಳು. ಅದು ಸಣ್ಣಗೆ ನಡುಗುತ್ತಿತ್ತು. ಅಂಥ ಕೈಯಲ್ಲಿ ಬ್ಲೇಡ್ ಹಿಡಿದು ಯಾರ ಕತ್ತಿನ ಹತ್ತಿರವೂ ಹೋಗುವುದಿಲ್ಲ ಅಪ್ಪ.

ಟಿವಿಯಲ್ಲಿ ಒಬ್ಬರು ಜೋರಾಗಿ ಓದುತ್ತಿದ್ದರು. ಆಚೆ ದೇಶದವರು ಹೇಳಿಕೆ ಕೊಟ್ಟಿದ್ದಾರೆ. ಶೆಲ್ ಹಾರಿಸುವ ಉದ್ದೇಶ ಇರಲಿಲ್ಲವಂತೆ. ತರಬೇತಿಯ ವೇಳೆ ತಪ್ಪಾಗಿ ಹಾರಿತಂತೆ.

“ತಪ್ಪಾಗಿ ಅಂತೆ!” ಮೆಡಿಕಲ್ ಶಾಪಿನವರು ಮೈಮೇಲಿನ ಬಟ್ಟೆಯೊಳಗಿಂದಲೇ ತೊಡೆ ತಟ್ಟಿದರು. “ನಮ್ಮ ಕಿವಿಗೆ ಹೂವು ಇಡೋಕೆ ನೋಡ್ತಾರೆ. ಶೆಲ್ ಏನು ಸೀನೇನ್ರೀ, ತಪ್ಪಾಗಿ ಬರೋಕೆ? ನುಗ್ಗಿ ಹೊಡೀಬೇಕು. ಒಂದಕ್ಕೆ ಹತ್ತು ಕೊಡಬೇಕು. ಏನಂತೀಯಪ್ಪ?”

ಅಪ್ಪನ ಕತ್ತರಿ ಕಿಚಕಿಚ ಎನ್ನುತ್ತಿತ್ತು.

ಬೇರೆ ದಿನವಾಗಿದ್ದರೆ ಚೋಟಿಯೂ ‘ಸುಳ್ಳುಬುರುಕರು’ ಎನ್ನುತ್ತಿದ್ದಳು. ಇವತ್ತು ಅವಳ ಕಿವಿಯಲ್ಲಿ ಗೇಟಿನ ಹತ್ತಿರದ ನಗು ಇನ್ನೂ ಕೇಳಿಸುತ್ತಿತ್ತು. ನಂಬುವುದಕ್ಕೆ ಆಗದಂಥ, ಕೇಳಿದರೆ ನಗು ಬರುವಂಥ ತಪ್ಪುಗಳೂ ಇರುತ್ತವೆ ಎಂದು ಈ ಅಂಗಡಿಯಲ್ಲಿ ಅವಳಿಗೊಬ್ಬಳಿಗೇ ಗೊತ್ತಿತ್ತು. ಆದರೆ ಆ ತಪ್ಪಿನಿಂದ ಒಬ್ಬರು ಸತ್ತಿದ್ದರು. ಆ ಒಬ್ಬರು ಯಾರು ಎಂದು ಮಾತ್ರ ಗೊತ್ತಿರಲಿಲ್ಲ.

ಕನ್ನಡಿಯ ಮುಂದಿನ ಹಲಗೆಯ ಮೇಲೆ ಫೋನ್ ರಿಂಗಾಯಿತು.

ಅಪ್ಪ ಕತ್ತರಿಯನ್ನು ಕೆಳಗಿಡಲೂ ಇಲ್ಲ. ಇನ್ನೊಂದು ಕೈಯ ಹೆಬ್ಬೆಟ್ಟಿನಲ್ಲಿ ಫೋನನ್ನು ಒತ್ತಿದರು. ಅವಸರದಲ್ಲಿ ಸ್ಪೀಕರೂ ಆನ್ ಆಯಿತು.

“ಅಪ್ಪ, ನಾನು.”

ಅಣ್ಣನ ದನಿ. ಅಪ್ಪ ಹಾಗೇ ಹಿಂದಕ್ಕೆ ಸರಿದು ಖಾಲಿ ಕುರ್ಚಿಯ ಮೇಲೆ ಕೂತುಬಿಟ್ಟರು. ಗಿರಾಕಿಗಳು ಕೂರುವ ಆ ಕುರ್ಚಿಯಲ್ಲಿ ಅಪ್ಪ ಕೂತದ್ದನ್ನು ಚೋಟಿ ಅದುವರೆಗೆ ನೋಡಿರಲಿಲ್ಲ. ಟಿವಿಯ ಬಾಯಿಯನ್ನು ಚೋಟಿ ಮುಚ್ಚಿಸಿದಳು.

“ಅಮ್ಮನ ಹತ್ರ ಮಾತಾಡ್ದೆ. ನಂಗೇನೂ ಆಗಿಲ್ಲ.”

ಚೋಟಿ ಫೋನಿನ ಮೇಲೆ ಬಗ್ಗಿದಳು. “ಅಣ್ಣಾ! ಮೀಸೆ ಮಾಮಂಗೆ ಕೊಡು!”

ಮೀಸೆ ಮಾಮ ಎಂದರೆ ಅಣ್ಣನ ಪಕ್ಕದ ಮಂಚದವರು. ಚೋಟಿ ಅವರನ್ನು ನೋಡಿಯೇ ಇಲ್ಲ. ಆದರೆ ಅಣ್ಣ ಫೋನ್ ಮಾಡಿದಾಗಲೆಲ್ಲ ಅವರು ನಡುವೆ ಕಸಿದುಕೊಂಡು, ‘ಚೋಟಿ ಸಾಹೇಬ್ರೇ, ನಿಮ್ಮಣ್ಣನ ಗೊರಕೆಗೆ ಶತ್ರು ಓಡಿಹೋಗ್ತಾನೆ ಅಂದ್ಕೊಂಡ್ರೆ, ನಮ್ಮ ನಿದ್ದೆ ಓಡಿಹೋಯ್ತು ನೋಡಿ,’ ಎಂದು ದೂರು ಹೇಳುತ್ತಿದ್ದರು. ಅಣ್ಣನಿಗೆ ಏನೂ ಆಗಿಲ್ಲ ಎಂಬ ಖುಷಿಗೆ ಅವಳಿಗೆ ಅವರನ್ನೂ ಮಾತಾಡಿಸಬೇಕೆನಿಸಿತು.

“ಮೀಸೆ ಮಾಮ ಇಲ್ಲ ಪುಟ್ಟ,” ಎಂದ ಅಣ್ಣ. “ಅವರೇ... ನಿನ್ನೆ.”

ಅಪ್ಪ ಕಣ್ಣು ಮುಚ್ಚಿಕೊಂಡರು. ಚೋಟಿಗೆ ನಾಚಿಕೆಯಾಯಿತು. ಈಗ ತಾನೇ ಅವಳು ಎಷ್ಟು ಸಂತೋಷಪಟ್ಟಿದ್ದಳು! ಆ ಸಂತೋಷ ಬಂದ ಹೊತ್ತಿನಲ್ಲೂ ಮೀಸೆ ಮಾಮ ಸತ್ತೇ ಹೋಗಿದ್ದರು.

“ತಿರುಗಿ ಕೊಟ್ರಾ?” ಮೆಡಿಕಲ್ ಶಾಪಿನವರು ಕೂತಲ್ಲಿಂದಲೇ ಮೆಲ್ಲಗೆ ಕೇಳಿದರು.

“ಹೂಂ. ಬೆಳಿಗ್ಗೆ ನಾವು ಹೊಡೆದ್ವಿ,” ಎಂದ ಅಣ್ಣ. “ಅವರು ತಿರುಗಿ ಹೊಡೀತಾರೆ ಅಂತ ರೆಡಿಯಾಗಿ ಕೂತಿದ್ವಿ. ಅವರು ಹೊಡೀಲಿಲ್ಲ. ಒಂದು ಗುಂಡೂ ಬರ್ಲಿಲ್ಲ. ಮಧ್ಯಾಹ್ನ ಆಯ್ತು, ಆಗ್ಲೂ ಬರ್ಲಿಲ್ಲ. ಸುಮ್ನೆ ಇದ್ದುಬಿಟ್ರು. ಆಮೇಲೆ ನಮ್ಮ ಸಾಹೇಬ್ರೂ ಸಾಕು ಅಂದ್ರು.”

“ಹೆದರಿಬಿಟ್ರು, ಅಷ್ಟೇ!” ಎಂದರು ಮೆಡಿಕಲ್ ಶಾಪಿನವರು.

“ಯಾಕೆ ಸುಮ್ನಿದ್ರು ಅಣ್ಣ?” ಎಂದು ಕೇಳಿದಳು ಚೋಟಿ.

“ಗೊತ್ತಿಲ್ಲ ಪುಟ್ಟ. ತಪ್ಪು ತಮ್ದು, ಒಂದೇಟು ತಿನ್ಲೇಬೇಕು ಅನ್ಕೊಂಡ್ರೋ ಏನೋ.” ಅಣ್ಣನ ಮಾತು ನಿಂತುಹೋಯಿತು. ಎಷ್ಟೋ ಹೊತ್ತು ಬರೀ ಗಾಳಿಯ ಸದ್ದು. ಸಿಗ್ನಲ್ ಹೋಯಿತು ಎಂದು ಅಪ್ಪ ಫೋನನ್ನು ಎತ್ತಿ ಬಾಗಿಲ ಹತ್ತಿರ ಹಿಡಿದರು. ಆಮೇಲೆ ಲೈನೇ ಕಟ್ಟಾಯಿತು.

ಮನೆಯಲ್ಲಿ ಅವತ್ತು ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಅಮ್ಮ ಎರಡು ಸಲ ದೀಪ ಆರಿಸಿ ಮತ್ತೆ ಹಾಕಿದರು. ಚೋಟಿ ಸ್ಕರ್ಟನ್ನು ಗೂಟಕ್ಕೆ ಹಾಕುವಾಗ ಬಿಳಿ ಗಂಟು ಗೋಡೆಯ ಕಡೆ ಇರುವಂತೆ ನೋಡಿ ಹಾಕಿದಳು.

ಮರುದಿನ ಊಟದ ಬಿಡುವಿನಲ್ಲಿ ಕಿಟಕಿ ದೇಶದವರು ವಾಟರ್ ಫಿಲ್ಟರಿನ ಹಿಂದೆ ಮೀಟಿಂಗ್ ಸೇರಿದರು. ಮೈಕು ದನಿಯನ್ನು ಎಷ್ಟು ತಗ್ಗಿಸಿದರೂ ಅದು ಆಚೆ ಬಾಗಿಲು ದೇಶದವರಿಗೆ ಕೇಳಿಸುವಷ್ಟಿತ್ತು.

“ಇವತ್ತು ಅವರು ಕೆಂಪೇ ಹಾಕೋದು, ಗ್ಯಾರಂಟಿ. ಅವರ ಲೀಡರ್ ಮುಖ ನೋಡಿ. ನಾವೂ ಕೆಂಪು ಹಾಕೋಣ. ಒಂದು ಗೋಲಿ ಆದ್ರೂ ಬರುತ್ತೆ.”

“ನಾಳೆ?” ಎಂದಳು ಚೋಟಿ.

“ನಾಳೆ ಅವರು ಮತ್ತೆ ಹಾಕ್ತಾರೆ. ನಾವೂ ಮತ್ತೆ ಹಾಕೋದು.”

“ನಾಡಿದ್ದು?”

ಪಕ್ಕದಲ್ಲಿದ್ದವನೊಬ್ಬ ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದ. “ಹಂಗಾದ್ರೆ ಶನಿವಾರ ಹೊರಗೆ ಹೋಗಿ ಚಪ್ಪಲಿ ಹಾಕ್ಕೊಳ್ಳೋಷ್ಟರಲ್ಲಿ ಟೈಮ್ ಮುಗೀತು,” ಎಂದ.

“ನಾನು ಇವತ್ತು ಹಸಿರು ಹಾಕ್ತೀನಿ,” ಎಂದಳು ಚೋಟಿ.

“ತಲೆ ಕೆಟ್ಟಿದ್ಯಾ? ಅವರು ಐದು ಹೊಡ್ಕೊಂಡು ಹೋಗ್ತಾರೆ. ನಮಗೆ ಸೊನ್ನೆ!”

“ಹೋಗ್ಲಿ. ನಿನ್ನೆ ನಾವು ಐದು ಹೊಡ್ಕೊಂಡ್ವಿ, ಅವರಿಗೆ ಸೊನ್ನೆ. ಇವತ್ತು ಅವರು ಹೊಡೆದು ನಾವೂ ಹೊಡೆದ್ರೆ ಅದು ಮುಗಿಯೋದೇ ಇಲ್ಲ. ಯಾರಾದ್ರೂ ಒಬ್ರು ಒಂದೇಟು ತಿಂದು ಸುಮ್ನಿರ್ಬೇಕು.”

“ಅವರೇ ಸುಮ್ನಿರ್ಲಿ! ನಾವ್ಯಾಕೆ?”

“ತಪ್ಪು ನಮ್ದು, ಅದಕ್ಕೆ.”

“ನಮ್ದಲ್ಲ, ನಿಂದು!”

“ಹೂಂ, ನಂದು,” ಎಂದಳು ಚೋಟಿ. ಅವಳ ದನಿ ಒಡೆಯಿತು. “ಬೇಕಂತ ಮಾಡಿದ್ದಲ್ಲ. ಆದ್ರೂ ನಂದೇ.”

ಮೈಕುವಿಗೆ ಅವಳು ಅಳುವುದನ್ನು ನೋಡಿ ಅಭ್ಯಾಸವಿರಲಿಲ್ಲ. ಒಂದು ಸಲ ಉಳಿದವರ ಮುಖ ನೋಡಿದ. ಆಮೇಲೆ ಗಟ್ಟಿ ಮನಸ್ಸು ಮಾಡಿಕೊಂಡು, “ಸರಿ, ಹಾಕ್ಕೋ. ಸೊನ್ನೆ ಬಂದ್ರೆ ನಾಳೆಯಿಂದ ನೀನು ಲೀಡರ್ ಅಲ್ಲ. ಕಾರ್ಡು ನನ್ನ ಕೈಗೆ ಕೊಡ್ಬೇಕು,” ಎಂದ. ಎಲ್ಲರೂ ಹೌದೆಂದರು.

ಚೋಟಿ ತಲೆಯಾಡಿಸಿದಳು.

ಕೊನೆಯ ಪೀರಿಯಡ್ ಬಂತು. ಮಿಸ್ ಡಬ್ಬಿಯನ್ನು ಮೇಜಿನ ಮೇಲಿಟ್ಟರು. ಚೋಟಿ ಈ ಸಲ ಎರಡೂ ಕಾರ್ಡನ್ನು ತೆಗೆದು ಅಂಗೈಯಲ್ಲಿ ಮರೆ ಮಾಡಿಕೊಂಡು ಸರಿಯಾಗಿ ನೋಡಿದಳು. ಹಸಿರನ್ನು ಆರಿಸಿ ಡಬ್ಬಿಗೆ ಬಿಟ್ಟಳು. ಜಡೆಯೂ ಬಂದು ಹಾಕಿದಳು. ಇಬ್ಬರ ಮೊಣಕೈ ಒಂದಕ್ಕೊಂದು ತಗುಲಿದರೂ ಇಬ್ಬರೂ ಮುಖ ನೋಡಿಕೊಳ್ಳಲಿಲ್ಲ.

ಮಿಸ್ ಮೊದಲು ತೆಗೆದದ್ದು ಬಾಗಿಲು ದೇಶದ ಕಾರ್ಡು. ಕೆಂಪು.

“ಹೋ!” ಎಂದು ಬಾಗಿಲು ದೇಶ ಎದ್ದು ಕುಣಿಯಿತು. “ಹೇಳ್ಲಿಲ್ವಾ ನಾನು!” ಎಂದು ಮೈಕು ತಲೆ ಚಚ್ಚಿಕೊಂಡ.

ಮಿಸ್ ಎರಡನೆಯದನ್ನು ತೆಗೆದರು. ಹಸಿರು. ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಚೋಟಿಯ ಕಡೆ ನೋಡಿದರು. ಆಮೇಲೆ ಬಾಗಿಲು ದೇಶದ ಗೋಲಿ ಕೂಡಿಡುವ ಜಾಡಿಗೆ ಗೋಲಿಗಳನ್ನು ಒಂದೊಂದಾಗಿ ಹಾಕಿದರು. ಟಣ್, ಟಣ್, ಟಣ್, ಟಣ್, ಟಣ್.

ಕಿಟಕಿ ದೇಶದವರು ಚೋಟಿಯ ಹತ್ತಿರ ಮಾತನ್ನೇ ಆಡಲಿಲ್ಲ. ಮೈಕು ಕೈ ಚಾಚಿದ. ಅವಳು ಎರಡೂ ಕಾರ್ಡನ್ನು ಅವನ ಕೈಯಲ್ಲಿಟ್ಟಳು. ಬ್ಯಾಗಿಗೆ ಪುಸ್ತಕ ತುಂಬಿಕೊಂಡು ಎಲ್ಲರಿಗಿಂತ ಹಿಂದೆ ಹೊರಟಳು. ಅವಳಿಗೆ ತುಂಬ ದುಃಖವಾಗಿತ್ತು. ಸರಿಯಾದದ್ದನ್ನು ಮಾಡಿದರೆ ಮನಸ್ಸು ಹಗುರಾಗುತ್ತದೆ ಎಂದು ಅವಳು ಅಂದುಕೊಂಡಿದ್ದಳು. ಹಾಗೇನೂ ಆಗಿರಲಿಲ್ಲ.

ಗೇಟಿನ ಪಕ್ಕ, ಸೈಕಲ್ ನಿಲ್ಲಿಸುವ ಶೆಡ್ಡಿನಲ್ಲಿ ಯಾರೋ ಕೂತಿದ್ದರು. ಜಡೆ. ಮಂಡಿಯ ಮೇಲೆ ತಲೆಯಿಟ್ಟುಕೊಂಡು ಬಿಕ್ಕಿಬಿಕ್ಕಿ ಅಳುತ್ತಿದ್ದಳು.

ಚೋಟಿಗೆ ದಿಕ್ಕೇ ತೋಚಲಿಲ್ಲ. ಗೆದ್ದವಳು ಅವಳು. ಅವಳ ಜಾಡಿಗೇ ಐದು ಗೋಲಿ ಬಿದ್ದದ್ದು. ಅವಳ ದೇಶದವರು ಇನ್ನೂ ರಸ್ತೆಯಲ್ಲಿ ಕೂಗಾಡಿಕೊಂಡು ಹೋಗುತ್ತಿದ್ದರು.

“ನೀನ್ಯಾಕೆ ಅಳ್ತಿದ್ದೀಯ?”

“ನೀನು ಹಸಿರು ಯಾಕೆ ಹಾಕ್ದೆ?” ಜಡೆ ತಲೆಯೆತ್ತದೆ ಕೇಳಿದಳು. “ನಾನು ಕೆಂಪು ಹಾಕ್ತೀನಿ ಅಂತ ಗೊತ್ತಿರ್ಲಿಲ್ವಾ?”

“ಗೊತ್ತಿತ್ತು.”

“ಗೊತ್ತಿದ್ದೂ ಹಾಕಿದ್ಯಾ?”

“ಹೂಂ.”

ಜಡೆ ಮೂಗು ಒರೆಸಿಕೊಂಡಳು. “ನೀನೂ ಕೆಂಪು ಹಾಕಿದ್ರೆ ಚೆನ್ನಾಗಿತ್ತು. ನಂಗೆ ಏನೂ ಅನ್ನಿಸ್ತಿರ್ಲಿಲ್ಲ. ಮಿಸ್ ಹಸಿರು ತೆಗೆದ್ರಲ್ಲ, ಆಗ... ಸುಮ್ನೆ ನಿಂತಿರೋರಿಗೆ ಹೊಡೆದ ಹಂಗಾಯ್ತು ಕಣೇ.” ಆಮೇಲೆ ಕೇಳಿದಳು: “ಸ್ಕರ್ಟು ನಿಜವಾಗ್ಲೂ ಹಿಂದುಮುಂದಾಗಿತ್ತಾ?”

“ನಿಜವಾಗ್ಲೂ.”

“ಹೇಗೆ ಗೊತ್ತಾಗ್ಲಿಲ್ಲ ನಿಂಗೆ?”

ಚೋಟಿ ಆಗ ಹೇಳಿದಳು. ಬೆಳಗಿನ ಟಿವಿ, ಸಿಗದ ಲೈನು, ಮೀಸೆ ಮಾಮ, ಎಲ್ಲವನ್ನೂ. ಜಡೆ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಇಬ್ಬರೂ ಶೆಡ್ಡಿನಲ್ಲೇ ಕೂತರು. ವಾಚ್‌ಮನ್ ಗೇಟಿನ ಹತ್ತಿರ ಬಂದು ಕೀಗೊಂಚಲು ಅಲ್ಲಾಡಿಸಿದ ಮೇಲೆಯೇ ಅವರು ಎದ್ದದ್ದು.

“ನಾಳೆ ಮೈಕು ಏನು ಹಾಕ್ತಾನೆ?” ಎಂದು ಜಡೆ ಕೇಳಿದಳು.

“ಗೊತ್ತಿಲ್ಲ. ನಾನು ಹೇಳಿ ನೋಡ್ತೀನಿ. ಕೇಳ್ತಾನೋ ಇಲ್ವೋ.”

“ನಾನು ಹಸಿರು ಹಾಕ್ತೀನಿ,” ಎಂದಳು ಜಡೆ. “ನಮ್ಮವರು ನನ್ನನ್ನೂ ತೆಗೆದುಹಾಕ್ದೆ ಇದ್ರೆ.”

ಚೋಟಿ ಮನೆಗೆ ಬಂದಾಗ ಅಮ್ಮನ ಮಿಶಿನ್ ನಿಧಾನವಾಗಿ ನಡೆಯುತ್ತಿತ್ತು. ಅಮ್ಮನ ತೊಡೆಯ ಮೇಲೆ ಯಾರದೋ ಮಗುವಿನ ಪುಟಾಣಿ ಶರ್ಟು. ಚೋಟಿ ಕೈಕಾಲು ತೊಳೆದುಕೊಂಡು ಬರುವಷ್ಟರಲ್ಲಿ ಫೋನ್ ಬಂತು. ಅಮ್ಮ ಬಟ್ಟೆಯ ರಾಶಿಯಲ್ಲಿ ಹುಡುಕಿ ಹುಡುಕಿ ತೆಗೆದರು.

ಅಮ್ಮ ಕೇಳಿದ್ದು ಊಟ ಆಯಿತಾ, ಚಳಿ ಹೇಗಿದೆ, ನಿದ್ದೆ ಬಂತಾ ಎಂದು. ಅಣ್ಣ ಎಲ್ಲದಕ್ಕೂ ಹೂಂ, ಹೂಂ ಎಂದಿರಬೇಕು. ಇವತ್ತೂ ಎರಡೂ ಕಡೆ ಶಾಂತವಾಗಿದೆಯಂತೆ. ಮೀಸೆ ಮಾಮನನ್ನು ಅವರ ಊರಿಗೆ ಕಳಿಸಿದರಂತೆ. ಅಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡು ಫೋನನ್ನು ಚೋಟಿಗೆ ಕೊಟ್ಟರು.

“ಏನ್ ಸಾಹೇಬ್ರೇ,” ಎಂದ ಅಣ್ಣ. ಮೀಸೆ ಮಾಮನ ಹಾಗೆ ಹೇಳಲು ಹೋಗಿದ್ದ. ದನಿ ಅರ್ಧಕ್ಕೇ ಸಣ್ಣದಾಯಿತು.

ಚೋಟಿ ಫೋನನ್ನು ಕಿವಿಗೆ ಒತ್ತಿಕೊಂಡು ಹಿತ್ತಲ ಬಾಗಿಲಿಗೆ ಹೋದಳು.

“ಅಣ್ಣ, ಒಂದು ಕೇಳ್ತೀನಿ.”

“ಕೇಳು.”

“ನೀವು ಹೊಡೆದಾಗ ಅವರು ಸುಮ್ನಿದ್ರಲ್ಲ. ಆಗ ನಿಂಗೆ ಅಳು ಬಂತಾ?”

ಆ ಕಡೆಯಿಂದ ಗಾಳಿಯ ಸದ್ದು ಬಂತು. ಸಿಗ್ನಲ್ ಹೋಗಿರಲಿಲ್ಲ. ಗಾಳಿಯ ಒಳಗೆ ಅಣ್ಣನ ಉಸಿರು ಕೇಳಿಸುತ್ತಿತ್ತು.

“ಯಾರು ಹೇಳಿದ್ರು ನಿಂಗೆ?” ಎಂದ ಅವನು.

“ಯಾರೂ ಹೇಳ್ಲಿಲ್ಲ. ಇವತ್ತು ಜಡೆ ಅತ್ತಳು.”

ಅಣ್ಣನಿಗೆ ಕಾರ್ಡಿನ ಆಟ ಗೊತ್ತಿಲ್ಲ, ಡಬ್ಬಿ ಗೊತ್ತಿಲ್ಲ. ಜಡೆ ಯಾಕೆ ಅತ್ತಳು ಎಂದು ಅವನು ಕೇಳುತ್ತಾನೆ ಎಂದು ಚೋಟಿ ಕಾದಳು. ಅವನು ಕೇಳಲಿಲ್ಲ.

“ಬಂತು ಪುಟ್ಟ,” ಎಂದ. “ಅಪ್ಪಂಗೆ ಹೇಳ್ಬೇಡ.”

“ಹೇಳಲ್ಲ.”

ಅಮ್ಮ ಒಳಗಿಂದ ಮಾತು ಮುಗಿಯಿತಾ ಎಂದು ಕೇಳಿದರು. ಮುಗಿದಿರಲಿಲ್ಲ. ಚೋಟಿ ಹೊಸ್ತಿಲ ಮೇಲೆ ಕೂತಳು. ಅಣ್ಣ ಅಲ್ಲಿ ಅಳುತ್ತಿದ್ದ, ಅವಳು ಇಲ್ಲಿ ಏನೂ ಮಾತಾಡದೆ, ಅವನು ಸಾಕೆನ್ನುವವರೆಗೂ ಫೋನನ್ನು ಕಿವಿಗೆ ಹಿಡಿದುಕೊಂಡೇ ಇದ್ದಳು.